ಪೇಪರ್ ಮಾಸ್ತರರ ಮೂವತ್ತೊಂದು ವಹಿಗಳು

ಹೋದ ತಿಂಗಳು ನಮ್ಮ ಊರಿನ ಗ್ರಂಥಾಲಯದಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಕ್ಕೆ ಹಾರ, ಊದಿನಕಡ್ಡಿ, ಒಂದು ನಿಮಿಷದ ಮೌನ. ಆ ಒಂದು ನಿಮಿಷದೊಳಗೆ ಎರಡು ಮೊಬೈಲು ಹೊಡೆದುಕೊಂಡವು. ಮಾತಾಡಿದವರೆಲ್ಲ ಅವರನ್ನು ಜ್ಞಾನದ ಭಂಡಾರ ಎಂದರು, ಅಕ್ಷರಪ್ರೇಮಿ ಎಂದರು, ಒಬ್ಬರಂತೂ ನಡೆದಾಡುವ ಗ್ರಂಥಾಲಯ ಎಂದುಬಿಟ್ಟರು. ನನಗೆ ಮೈ ಉರಿಯಿತು. ಈ ನಡೆದಾಡುವ ಗ್ರಂಥಾಲಯ ಇಪ್ಪತ್ತೆಂಟು ವರ್ಷ ಕೂತು ಮಾಡಿದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಟಂಟಂ ಗಾಡಿಗೆ ತುಂಬಿ ರದ್ದಿಗೆ ಕಳಿಸಿದವರೇ ಮುಂದಿನ ಸಾಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನಾನೂ ಅದೇ ಸಾಲಿನಲ್ಲಿದ್ದೆ.

“ಮೇಡಂ, ನಿಮಗ ಅವರು ಭಾಳ ಬೇಕಾದವ್ರು. ಎರಡು ಮಾತಾಡ್ರಿ,” ಎಂದು ಪಂಚಾಯಿತಿಯವರೊಬ್ಬರು ಮೈಕು ಹಿಡಿದರು. ಬೇಡವೆಂದು ಕೈ ಆಡಿಸಿದೆ. ಅಳು ಬಂದಿದೆ ಎಂದು ಅವರು ತಿಳಿದರು. ಬಂದದ್ದು ಸಿಟ್ಟು. ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಎಲ್ಲೋ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಯಾರಾದರೊಬ್ಬರಿಗೆ ಮಾನ ಹೋದಂತಾಗಿ ನನ್ನ ಮೇಲೆ ಅರ್ಜಿ ಬೀಳುತ್ತದೆ. ಅವರ ಹೆಸರನ್ನೂ ಹೇಳುವುದಿಲ್ಲ, ಯಾಕೆಂದರೆ ಊರಿನಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ ಎಂಬುದು ಅವರ ಹುದ್ದೆ. ಊರವರಿಗೆ ಅವರು ಪೇಪರ್ ಮಾಸ್ತರ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಅವರ ವಹಿಯಲ್ಲಿ ಅಂಟಿಸಿದ್ದ ಅಂಗೈಯಗಲದ ಒಂದು ಪೇಪರ್ ತುಣುಕು ಉಳಿದಿದ್ದರೆ ನಮ್ಮೂರ ಕೆಳಗಿನ ಓಣಿಯ ಹದಿನಾಲ್ಕು ಮನೆಗಳು ಇವತ್ತೂ ನಿಂತಿರುತ್ತಿದ್ದವು. ಆ ತುಣುಕು ಹೇಗೆ ಹೋಯಿತು ಎಂಬುದು ಸಭೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಗಂಗಾವತಿಯ ಗದ್ದೆ ಕಾಲುವೆ ನೋಡಿ ಬೆಳೆದ ನನಗೆ ಈ ಒಣ ಊರಿಗೆ ವರ್ಗವಾದಾಗ ಜೀವ ಹಿಂಡಿದಂತಾಗಿತ್ತು. ಸಂಜೆ ಹೊತ್ತು ಕಳೆಯಲು ಕಾದಂಬರಿಯಾದರೂ ಸಿಕ್ಕೀತು ಎಂದು ಒಂದು ಬೆಳಿಗ್ಗೆ ಶಾಲೆಗೆ ಮುಂಚೆ ಗ್ರಂಥಾಲಯಕ್ಕೆ ಹೋದೆ. ಹೊರಗಿನ ಕಲ್ಲುಬೆಂಚಿನ ಮೇಲೆ ತೆಳ್ಳಗಿನ ಒಬ್ಬ ಮನುಷ್ಯ ಕೂತು ದೊಡ್ಡ ದನಿಯಲ್ಲಿ ಪತ್ರಿಕೆ ಓದುತ್ತಿದ್ದರು. ಸುತ್ತ ಕೆಲಸಕ್ಕೆ ಹೊರಟ ಹೆಂಗಸರು, ಬುತ್ತಿಗಂಟು ಹಿಡಿದವರು, ಬಸ್ಸಿಗೆ ಕಾದವರು. ಅವರು ಓದುತ್ತಿದ್ದದ್ದು ಟೆಂಡರ್ ಪ್ರಕಟಣೆ. ಅದಾದ ಮೇಲೆ ಯಾವುದೋ ಸರ್ವೆ ನಂಬರುಗಳ ಪಟ್ಟಿ. ಆಮೇಲೆ ವಕೀಲರೊಬ್ಬರ ನೋಟಿಸು. ಅಷ್ಟೂ ಜನ ಕಿವಿಗೊಟ್ಟು ಕೇಳುತ್ತಿದ್ದರು. ಇವರಿಗೆ ತಲೆ ಕೆಟ್ಟಿದೆಯೋ, ಊರಿಗೆ ಕೆಟ್ಟಿದೆಯೋ ಎಂದುಕೊಂಡೆ.

“ಮದಲನೇ ಪುಟ ಓದಂಗಿಲ್ಲೇನ್ರಿ?” ಎಂದು ಕೇಳಿದೆ.

“ಮದಲನೇ ಪುಟದಾಗ ಇರಾವ್ರಿಗೆ ತಮ್ಮ ಸುದ್ದಿ ತಮಗ ಗೊತ್ತಿರತೈತ್ರಿ,” ಎಂದರು ತಲೆ ಎತ್ತದೆ. “ನಮ್ಮ ಸುದ್ದಿ ಒಳಗ ಇರತೈತಿ. ಸಣ್ಣ ಅಕ್ಷರದಾಗ.”

ಮೊದಲ ಬಸ್ಸಿಗೆ ಪೇಪರ್ ಬರುತ್ತಿತ್ತು. ಬಂದ ಕೂಡಲೇ ಅವರು ಪುಟ ತಿರುವಿ, ಪ್ರಕಟಣೆಗಳಲ್ಲಿ ಬಂದ ಊರುಗಳ ಹೆಸರಿಗೆ ಕೆಂಪು ಪೆನ್ನಿನಿಂದ ಗೆರೆ ಎಳೆಯುತ್ತಿದ್ದರು. ಬೆಂಚಿನ ಮೇಲೆ ಓದಿ ಹೇಳುವುದು ನಮ್ಮೂರಿನವರಿಗೆ. ಬೇರೆ ಊರಿನದಾದರೆ ಚೀಟಿ ಬರೆದು ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದರು. ಇಂಥ ಊರಿನ ಇಂಥವರ ಹೊಲದ ಬಗ್ಗೆ ಪ್ರಕಟಣೆ ಬಂದಿದೆ, ತಕರಾರು ಹಾಕಲು ಮುದ್ದತು ಇಷ್ಟು ದಿನ, ಬಂದು ನೋಡಿರಿ. ಕಂಡಕ್ಟರುಗಳಿಗೆ ಅದು ರೂಢಿಯಾಗಿತ್ತು. ಟಿಕೆಟ್ಟಿನ ಚೀಲದಲ್ಲಿ ಚೀಟಿ ಇಟ್ಟುಕೊಂಡು ಆ ಊರಿನ ನಿಲ್ದಾಣದಲ್ಲಿ ಕೂಗಿ ಕೊಟ್ಟು ಹೋಗುತ್ತಿದ್ದರು. ಇದನ್ನು ಮಾಡಿರೆಂದು ಅವರಿಗೆ ಯಾವ ಇಲಾಖೆಯೂ ಹೇಳಿರಲಿಲ್ಲ.

ಒಮ್ಮೆ ಹೀಗೆ ಒಂದು ಚೀಟಿ ಹೋದದ್ದರಿಂದ ಅಣ್ಣತಮ್ಮಂದಿರು ತಂಗಿಗೆ ತಿಳಿಸದೆ ಮಾರಲು ಹೊರಟಿದ್ದ ಹೊಲದ ಸುದ್ದಿ ಆ ತಂಗಿಗೆ ತಿಳಿಯಿತು. ಅವಳು ತಕರಾರು ಹಾಕಿದಳು, ಮಾರಾಟ ನಿಂತಿತು. ಅಣ್ಣಂದಿರಿಬ್ಬರು ಮೋಟಾರ್ ಸೈಕಲ್ಲಿನ ಮೇಲೆ ಬಂದು ಗ್ರಂಥಾಲಯದ ಕುರ್ಚಿಯೊಂದನ್ನು ಎತ್ತಿ ಗೋಡೆಗೆ ಬಡಿದು ಹೋದರು. ಇವರು ಪೊಲೀಸರ ಹತ್ತಿರ ಹೋಗಲಿಲ್ಲ. ಪೀಠೋಪಕರಣದ ರಿಜಿಸ್ಟರು ತೆಗೆದು ದುಂಡಗಿನ ಅಕ್ಷರದಲ್ಲಿ ಬರೆದರು: ಕುರ್ಚಿ ಒಂದು, ಮುರಿದಿದೆ, ಕಾರಣ ಪತ್ರಿಕೆ ಓದಿದ್ದು. ತಪಾಸಣೆಗೆ ಬಂದ ಅಧಿಕಾರಿ ಇದೇನು ಎಂದು ಕೇಳಿದ್ದಕ್ಕೆ, “ಖರೇ ಕಾರಣ ಬರೀಬೇಕಲ್ರಿ ಸಾಹೇಬ್ರ,” ಎಂದರಂತೆ. ಮುರಿದ ಕುರ್ಚಿಗೆ ಬದಲಿ ಬರಲೇ ಇಲ್ಲ.

ಅವರು ದೇವರಂಥವರೇನಲ್ಲ. ಶ್ರದ್ಧಾಂಜಲಿಯವರು ಹಾಗೆ ಮಾಡಿಟ್ಟಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಬಲು ಕಿರಿಕಿರಿಯ ಮನುಷ್ಯ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವವರನ್ನು ಕಂಡರೆ ಎದ್ದು ಬಂದು ಪುಸ್ತಕ ಕಿತ್ತುಕೊಳ್ಳುತ್ತಿದ್ದರು. ಹಳೆಯ ಪುಸ್ತಕ ತಂದುಕೊಡದ ನಮ್ಮ ಹೆಡ್ಮಾಸ್ತರರಿಗೆ ಎರಡು ವರ್ಷ ಹೊಸ ಪುಸ್ತಕ ಕೊಡಲಿಲ್ಲ. ರೂಲು ಎಂದರೆ ರೂಲು. ಕಾದಂಬರಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ.

“ಕತಿಯೊಳಗಿನ ಮಂದಿಗೆ ಏನಾತು ಅಂತ ನೀವು ತಿಳಕೊಂಡ್ರಿ,” ಎಂದರು ಒಮ್ಮೆ ನಾನು ಪುಸ್ತಕ ಹಿಂತಿರುಗಿಸುವಾಗ. “ನಿಮಗ ಏನಾಗಾಕ ಹತ್ತೈತಿ ಅಂತ ಯಾರು ತಿಳಕೋಬೇಕ್ರಿ?”

ನಾನು ಕನ್ನಡ ಕಲಿಸುವವಳು, ಬಿಡುತ್ತೇನೆಯೇ. ಅಲ್ಲೇ ನಿಂತು ಅವರನ್ನು ತರಾಟೆಗೆ ತೆಗೆದುಕೊಂಡೆ. ಒಂದು ವಾರ ಮಾತು ಬಿಟ್ಟೆವು. ಎಂಟನೆಯ ದಿನ ಹೋದಾಗ ಅವರು ಮೇಜಿನ ಕೆಳಗಿನಿಂದ ಹೊಸದಾಗಿ ಬಂದ ಕಾದಂಬರಿಯೊಂದನ್ನು, ಹಳೆ ಕ್ಯಾಲೆಂಡರಿನ ರಟ್ಟು ಹಾಕಿ ಇಟ್ಟಿದ್ದನ್ನು, ತೆಗೆದು ಮುಂದೆ ಸರಿಸಿದರು. ರಿಜಿಸ್ಟರಿನಲ್ಲಿ ನನ್ನ ಹೆಸರು ಆಗಲೇ ಬರೆದಿದ್ದರು, ಸಹಿ ಮಾಡುವುದು ಮಾತ್ರ ಉಳಿದಿತ್ತು.

ಇಷ್ಟೊಂದು ಪ್ರಕಟಣೆಯ ಹುಚ್ಚು ಯಾಕೆ ಎಂದು ನಾನು ಕೇಳಿದ್ದಕ್ಕೆ ಅವರು ಅಜ್ಜನ ಕತೆ ಹೇಳಿದ್ದರು. ನಿಜಾಮರ ಕಾಲದಲ್ಲಿ ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ ಬರುತ್ತಿತ್ತಂತೆ. ಊರಿನಲ್ಲಿ ಅದನ್ನು ಓದಬಲ್ಲವನು ಒಬ್ಬನೇ. ಅವನು ಬಾಯಿ ಬಿಟ್ಟು ಏನು ಹೇಳಿದನೋ ಅದೇ ಹುಕುಂ. ಅಜ್ಜನ ಕೈಗೆ ಬಂದ ಕಾಗದವನ್ನು ಅವನು ಸುಳ್ಳು ಓದಿದ. ಅಜ್ಜ ಅವನು ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದ. ಹೊಲ ಹೋಯಿತು.

“ಈಗ ಕಾಗದ ಕನ್ನಡದಾಗ ಬರತಾವ್ರಿ ಮೇಡಂ. ಪ್ರಜಾಪ್ರಭುತ್ವ ಐತಿ, ಸಾಲಿ ಅದಾವು, ಲೈಬ್ರರಿ ಐತಿ. ಆದ್ರ ಹೊಲ ಹೋಗೂದು ನಿಂತಿಲ್ಲ. ಸರಕಾರ ನಾ ತಿಳಿಸೇನಿ ಅಂತೈತಿ. ಯಾರಿಗೆ ತಿಳೀತು ಅಂತ ಕೇಳಾವ್ರು ಯಾರು?”

ಈ ಪ್ರಶ್ನೆಯನ್ನು ನಾನು ಎಷ್ಟು ಸಲ ನನ್ನೊಳಗೆ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಪೇಪರಿನ ಒಂದು ಮೂಲೆಯಲ್ಲಿ, ಭೂತಗನ್ನಡಿ ಹಿಡಿದರೂ ಕಾಣದ ಅಕ್ಷರದಲ್ಲಿ ಅಚ್ಚು ಹಾಕಿಸಿ, ಇನ್ನು ಮೂವತ್ತು ದಿನದೊಳಗೆ ತಕರಾರು ಬರದಿದ್ದರೆ ಯಾರದೂ ತಕರಾರಿಲ್ಲ ಎಂದು ತಿಳಿಯಲಾಗುವುದು ಎಂದು ಬರೆದುಬಿಟ್ಟರೆ ಆಯಿತು, ಸರ್ಕಾರದ ಕೈ ಶುದ್ಧ. ಓದಲು ಬಾರದವಳು ಅದನ್ನು ಎಲ್ಲಿ ನೋಡಬೇಕು? ಅವಳ ಊರಿಗೆ ಪೇಪರೇ ಬರುವುದಿಲ್ಲವಲ್ಲ? ಇದಕ್ಕೆ ಮೋಸ ಎನ್ನದೆ ಬೇರೆ ಹೆಸರು ನನಗೆ ತೋಚುವುದಿಲ್ಲ. ಈ ಮೋಸಕ್ಕೆ ನಮ್ಮ ಕಡೆ ಅಡ್ಡ ನಿಂತವರು ಇವರೊಬ್ಬರೇ, ಒಂದು ಕೆಂಪು ಪೆನ್ನು ಹಿಡಿದುಕೊಂಡು.

ಹಳೆ ಪತ್ರಿಕೆಗಳನ್ನು ಇಂತಿಷ್ಟು ತಿಂಗಳಾದ ಮೇಲೆ ವಿಲೇವಾರಿ ಮಾಡಬೇಕೆಂಬುದು ರೂಲು. ಅವರು ವಿಲೇವಾರಿ ಮಾಡುತ್ತಿದ್ದರು, ಆದರೆ ಅದಕ್ಕೂ ಮೊದಲು ಪ್ರಕಟಣೆಗಳನ್ನೆಲ್ಲ ಕತ್ತರಿಸಿ ತೆಗೆದುಕೊಳ್ಳುತ್ತಿದ್ದರು. ಉದ್ದನೆಯ ವಹಿಗಳಿಗೆ ಊರುವಾರು ಅಂಟಿಸುತ್ತಿದ್ದರು. ಅಂಟನ್ನು ಅವರ ಮನೆಯವರು ಜೋಳದ ಹಿಟ್ಟಿನಿಂದ ಕಾಸಿ ಕೊಡುತ್ತಿದ್ದರು. ಹುಳ ಹತ್ತದಂತೆ ಅದರಲ್ಲಿ ಚೂರು ಮೈಲುತುತ್ತ. ಪ್ರತಿ ತುಣುಕಿನ ಪಕ್ಕ ತಾರೀಕು, ಪತ್ರಿಕೆಯ ಪುಟ, ಸರ್ವೆ ನಂಬರು. ಹೀಗೆ ಮೂವತ್ತೊಂದು ವಹಿ. ಸುತ್ತಲಿನ ನಲವತ್ತು ಹಳ್ಳಿಗಳ ನೆಲದ ಮೇಲೆ ಸರ್ಕಾರವೂ ಕಂಪನಿಗಳೂ ಅಣ್ಣತಮ್ಮಂದಿರೂ ಏನೇನು ಮಾಡಿದರು ಎಂಬುದೆಲ್ಲ ಆ ವಹಿಗಳಲ್ಲಿತ್ತು. ವಕೀಲರು ಕೊಪ್ಪಳದಿಂದ ಬಂದು ನೋಡಿಕೊಂಡು ಹೋಗುತ್ತಿದ್ದರು.

ಇವೆಲ್ಲ ಗ್ರಂಥಾಲಯದ ಕಪಾಟಿನಲ್ಲಿದ್ದವು, ಆದರೆ ಗ್ರಂಥಾಲಯದ್ದಾಗಿರಲಿಲ್ಲ. ಗ್ರಂಥಾಲಯದ ಪ್ರತಿ ಪುಸ್ತಕಕ್ಕೂ ದಾಖಲಾತಿ ರಿಜಿಸ್ಟರಿನಲ್ಲಿ ಒಂದು ನಂಬರು ಬೀಳಬೇಕು. ಸರ್ಕಾರ ಕಳಿಸಿದ್ದಕ್ಕೆ ಬೀಳುತ್ತದೆ, ಯಾರಾದರೂ ದಾನ ಕೊಟ್ಟದ್ದಕ್ಕೆ ಬೀಳುತ್ತದೆ. ದಾನಕ್ಕೆ ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ ಎರಡೂ ಬೇಕು. “ನೀವೇ ದಾನ ಕೊಟ್ಟೀರಿ ಅಂತ ಬರದು ಹತ್ತಿಸಿಬಿಡ್ರಲ್ಲ,” ಎಂದು ನಾನೊಮ್ಮೆ ಹೇಳಿದೆ. ಅವರು ನನ್ನ ಮುಖವನ್ನು ಕಳ್ಳಿಯನ್ನು ನೋಡಿದ ಹಾಗೆ ನೋಡಿದರು.

“ಕೊಡಾವನೂ ನಾನ, ತಗೊಳ್ಳಾವನೂ ನಾನ. ಎರಡೂ ಕಡಿ ನಾನ ಸಹಿ ಮಾಡೂದು ಹೆಂಗ್ರಿ? ಅದು ಲಬಾಡಿ ಕೆಲಸ.” ರಿಜಿಸ್ಟರು ಮುಚ್ಚಿಟ್ಟು, “ನಿಮ್ಮ ಹೆಸರಿಲೆ ಕೊಟ್ಟಂಗ ಮಾಡೂಣೇನು? ನೀವು ಒಂದು ಪತ್ರ ಬರದು ಕೊಡ್ರಿ. ನಾ ತಗೊಂಡೇನಿ ಅಂತ ಸಹಿ ಮಾಡ್ತೀನಿ,” ಎಂದರು.

ಆಯಿತು, ಬರೆದು ಕೊಡುತ್ತೇನೆ ಎಂದೆ. ಪರೀಕ್ಷೆ ಮುಗಿಯಲಿ ಎಂದೆ. ಆಮೇಲೆ ಮೌಲ್ಯಮಾಪನ ಬಂತು, ಆಮೇಲೆ ಚುನಾವಣೆಯ ಕೆಲಸ ಬಂತು. ಒಂದು ಹಾಳೆಯ ನಾಲ್ಕು ಸಾಲು. ಮೂರು ವರ್ಷವಾದರೂ ನಾನು ಬರೆಯಲಿಲ್ಲ. ಅವರು ಎರಡನೆಯ ಸಲ ಕೇಳುವ ಪೈಕಿಯಲ್ಲ.

ಆಮೇಲೆ ಡಿಜಿಟಲ್ ಬಂತು. ನಮ್ಮ ಗ್ರಂಥಾಲಯಕ್ಕೆ ನಾಲ್ಕು ಕಂಪ್ಯೂಟರು, ಒಂದು ದೊಡ್ಡ ಟೀವಿ, ಗೋಡೆಗೆಲ್ಲ ಬಣ್ಣ. ಕಂಪ್ಯೂಟರು ಬೇಡ ಎನ್ನುವ ಮೂರ್ಖಳಲ್ಲ ನಾನು. ನನ್ನ ಹುಡುಗಿಯರು ಅಲ್ಲಿ ಕೂತು ಅರ್ಜಿ ಹಾಕುತ್ತಾರೆ, ಒಳ್ಳೆಯದೇ. ಆದರೆ ಉದ್ಘಾಟನೆಗೆ ದೊಡ್ಡವರೊಬ್ಬರು ಬರುವ ದಿನ ಗೊತ್ತಾಗಿ, ನಾಲ್ಕು ದಿನದಲ್ಲಿ ಕೋಣೆ ಖಾಲಿ ಮಾಡಬೇಕೆಂದು ಹುಕುಂ ಆಯಿತು. ಅದೇ ಹೊತ್ತಿಗೆ ಇವರು ಕಣ್ಣಿನ ಪೊರೆಯ ಆಪರೇಷನ್ನಿಗೆ ಕೊಪ್ಪಳಕ್ಕೆ ಹೋಗಿದ್ದರು. ಹದಿನೈದು ದಿನ ರಜೆ.

ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಗ್ರಂಥಾಲಯ ಸಮಿತಿಯನ್ನು ಕರೆಸಿದರು. ಸಮಿತಿ ಎಂದರೆ ಅಧ್ಯಕ್ಷರು, ಒಬ್ಬ ಸದಸ್ಯರು, ಶಾಲೆಯ ಕಡೆಯಿಂದ ನಾನು. ರಿಜಿಸ್ಟರು ತೆರೆದು ಪುಸ್ತಕಗಳನ್ನು ತಾಳೆ ನೋಡಿದರು. ನಂಬರಿದ್ದದ್ದು ಒಂದು ಕಡೆ, ಇಲ್ಲದ್ದು ಒಂದು ಕಡೆ. ಮೂವತ್ತೊಂದು ವಹಿಗಳು ಇಲ್ಲದ ಕಡೆ ಬಿದ್ದವು.

“ಅವು ಮಾಸ್ತರವು. ಅವರು ಬರಲಿ,” ಎಂದೆ ನಾನು.

“ಮೇಡಂ, ಅವರದಾಗಿದ್ರ ಮನಿಯಾಗ ಇಟ್ಕೊಬೇಕಿತ್ತು. ಲೈಬ್ರರಿದಾಗಿದ್ರ ರಿಜಿಸ್ಟರ್‌ದಾಗ ಇರಬೇಕಿತ್ತು,” ಎಂದರು ಅಧಿಕಾರಿ. “ಎರಡೂ ಇಲ್ಲ ಅಂದ್ರ ರದ್ದಿ. ಹಳೆ ಪೇಪರ್ ಕಟಿಂಗ್ ಇಟ್ಕೊಂಡು ಏನ್ ಮಾಡ್ತೀರಿ? ಈಗ ಎಲ್ಲಾ ಮೊಬೈಲ್‌ನಾಗ ಬರತೈತಿ.”

ಅಧ್ಯಕ್ಷರು ಸಹಿ ಮಾಡಿದರು, ಸದಸ್ಯರು ಮಾಡಿದರು. ಹಾಳೆ ನನ್ನ ಮುಂದೆ ಬಂತು. ಅದರ ಮೇಲೆ ‘ಹಳೆಯ ಕಾಗದ, ನಿರುಪಯುಕ್ತ’ ಎಂದು ಬರೆದಿತ್ತು. ನಾನು ಆ ವಹಿಗಳನ್ನು ಬಲ್ಲವಳು. ಅವುಗಳ ಬೆಲೆ ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಹೊರಗೆ ನಾನು ಗಂಗಾವತಿಗೆ ಹಿಡಿಯಬೇಕಿದ್ದ ಬಸ್ಸು ಹಾರ್ನು ಹೊಡೆಯುತ್ತಿತ್ತು. ಅದು ತಪ್ಪಿದರೆ ಇನ್ನೊಂದು ತಾಸು ಕಾಯಬೇಕು, ಇವರೊಂದಿಗೆ ಜಗಳವಾಡುತ್ತ ಕೂರಬೇಕು. ನಾನು ಸಹಿ ಮಾಡಿದೆ. ಬಸ್ಸು ಸಿಕ್ಕಿತು, ಕಿಟಕಿಯ ಸೀಟೂ ಸಿಕ್ಕಿತು.

ಅವರು ಕರಿ ಕನ್ನಡಕ ಹಾಕಿಕೊಂಡು ಕೊಪ್ಪಳದಿಂದ ಬಂದ ದಿನ ನೇರ ಗ್ರಂಥಾಲಯಕ್ಕೆ ಹೋದರು. ಕಪಾಟಿದ್ದ ಗೋಡೆಯ ಮೇಲೆ ಪುಸ್ತಕದ ರೆಕ್ಕೆ ಕಟ್ಟಿಕೊಂಡು ಹಾರುವ ಮಗುವಿನ ಚಿತ್ರವಿತ್ತು. ಬಹಳ ಹೊತ್ತು ಅದನ್ನೇ ನೋಡಿದರಂತೆ. ನಂತರ ಶಾಲೆಗೆ ಬಂದು, ಬಾಗಿಲಲ್ಲೇ ನಿಂತು, “ವಹಿ ಎಲ್ಲಿ ಅದಾವ್ರಿ ಮೇಡಂ?” ಎಂದರು. ನಾನು ಹೇಳಿದೆ. ಸಹಿ ಮಾಡಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ಭಾನುವಾರ ಇಬ್ಬರೂ ಕುಷ್ಟಗಿಗೆ ಹೋದೆವು. ರದ್ದಿ ಅಂಗಡಿಯವನು ದೊಡ್ಡ ಕಟ್ಟುಗಳನ್ನೆಲ್ಲ ಲಾರಿಗೆ ಹಾಕಿಯಾಗಿತ್ತು, ಬಿಡಿ ಹಾಳೆಗಳನ್ನು ಮಿರ್ಚಿ ಭಜಿ ಅಂಗಡಿಗಳಿಗೆ ಕೊಟ್ಟಿದ್ದ. ಒಂದೊಂದೇ ಭಜಿ ಬಂಡಿಗೆ ಹೋಗಿ ಪೊಟ್ಟಣದ ಕಾಗದ ತೋರಿಸಿರೆಂದು ಕೇಳಿದೆವು. ಕೆಲವರು ನಕ್ಕರು, ಕೆಲವರು ತೋರಿಸಿದರು. ಮೂರು ಹಾಳೆ ಸಿಕ್ಕವು, ಎಣ್ಣೆ ಕುಡಿದು ಆಚೆ ಬದಿ ಕಾಣುತ್ತಿದ್ದವು. ಮೂರೂ ಬೇರೆ ಊರಿನವು. ಅವರು ಅವನ್ನು ಟವೆಲಿನಲ್ಲಿ ಒತ್ತಿ ಒರೆಸಿ ಮಡಿಚಿ ಜೇಬಿನಲ್ಲಿಟ್ಟುಕೊಂಡರು.

ಇದಾಗಿ ಆರು ತಿಂಗಳಿಗೆ ಕೆಳಗಿನ ಓಣಿಗೆ ನೋಟಿಸು ಬಂತು. ಹದಿನಾಲ್ಕು ಮನೆ, ಎಲ್ಲರೂ ಕೂಲಿ ಮಾಡುವವರು. ಸರ್ಕಾರಿ ಜಾಗದಲ್ಲಿ ಅಕ್ರಮವಾಗಿ ಇದ್ದೀರಿ, ಗಾಳಿಯಂತ್ರದ ಕಂಪನಿಯ ಕೇಂದ್ರಕ್ಕೆ ಜಾಗ ಕೊಡಲಾಗಿದೆ, ತೆರವು ಮಾಡಿ. ಓಣಿಯ ಹಿರಿಯಳು ದುರಗವ್ವ. ಅವಳು ಆ ಕಾಗದ ಹಿಡಿದುಕೊಂಡು ಮಾಸ್ತರರ ಮನೆಗೆ ಬಂದಳು. ಅವಳಿಗೆ ಹೆದರಿಕೆಯೇನೂ ಇರಲಿಲ್ಲ.

“ನೀವ ಓದಿ ಹೇಳಿದ್ರಿ ಮಾಸ್ತರ, ನಮ್ಮ ಓಣಿ ಜಾಗ ಮನಿ ಕಟ್ಟಾಕ ಅಂತ ಬಿಟ್ಟಾರ ಅಂತ. ನಾ ಬೆಂಚಿನ ಮುಂದ ನಿಂತು ಕೇಳೀನಿ. ಅದನ್ನ ತಗದು ತೋರಸ್ರಿ ಇವರಿಗೆ.”

ಅವಳು ಹೇಳಿದ್ದು ನಿಜ. ವರ್ಷಗಳ ಹಿಂದೆ ಆ ಜಾಗವನ್ನು ನಿವೇಶನಕ್ಕೆ ಕಾಯ್ದಿರಿಸಿದ ಆದೇಶ ಪ್ರಕಟವಾಗಿತ್ತು. ಹಕ್ಕುಪತ್ರ ಯಾರೂ ಕೊಟ್ಟಿರಲಿಲ್ಲ. ತಹಶೀಲ್ದಾರ್ ಕಚೇರಿಯಲ್ಲಿ ಕೇಳಿದರೆ, ಆದೇಶದ ನಂಬರು ಕೊಡಿ, ಹುಡುಕುತ್ತೇವೆ ಎಂದರು. ತಾವು ಮಾಡಿದ ಆದೇಶದ ನಂಬರನ್ನು ಓದಲು ಬಾರದ ಕೂಲಿ ಹೆಂಗಸು ಅವರಿಗೆ ತಂದುಕೊಡಬೇಕು. ನಂಬರು ಆ ತುಣುಕಿನಲ್ಲಿತ್ತು. ಪೇಪರಿನವರ ಹತ್ತಿರ ಆ ಕಾಲದ ಸ್ಥಳೀಯ ಆವೃತ್ತಿ ಇರಲಿಲ್ಲ. ಬೇರೆ ಗ್ರಂಥಾಲಯಗಳಲ್ಲೂ ಹಳೆ ಪತ್ರಿಕೆ ರೂಲಿನ ಪ್ರಕಾರ ವಿಲೇವಾರಿಯಾಗಿದ್ದವು.

ಆ ಕಚೇರಿಯಲ್ಲಿ ತೆರವಿನ ವಿಚಾರಣೆ ಇಟ್ಟ ದಿನ ನಾನು ಅರ್ಧ ದಿನ ರಜೆ ಹಾಕಿ ಮಾಸ್ತರರ ಜೊತೆ ಹೋದೆ. ದುರಗವ್ವನೂ ಓಣಿಯ ಏಳೆಂಟು ಜನರೂ ಬಂದಿದ್ದರು. ಮಾಸ್ತರರು ಅಲ್ಲಿನ ಅಧಿಕಾರಿಯ ಮುಂದೆ ನಿಂತು ನೆನಪಿನಿಂದ ಹೇಳಿದರು. ಬಸವ ಜಯಂತಿ ಮುಗಿದ ವಾರ, ಏಳನೇ ಪುಟ, ಬಲಗಡೆ ಕೆಳಗೆ, ಅದರ ಮೇಲೆ ಬೋರ್‌ವೆಲ್ ಪಂಪಿನ ಜಾಹೀರಾತಿತ್ತು. ಸರ್ವೆ ನಂಬರು ಹೇಳಿದರು, ಎಕರೆ ಗುಂಟೆ ಹೇಳಿದರು, ಚೆಕ್ಕುಬಂದಿ ಹೇಳಿದರು. ಆದೇಶದ ನಂಬರು ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಎರಡು ಸಲ ಶುರು ಮಾಡಿ ನಿಲ್ಲಿಸಿದರು.

“ಅಜ್ಜಾರ, ನಿಮ್ಮ ತಲಿ ಝೆರಾಕ್ಸ್ ಮಾಡಾಕ ಬರಂಗಿಲ್ಲಲ್ಲ,” ಎಂದರು ಅಧಿಕಾರಿ. ಸುತ್ತಲಿದ್ದ ಗುಮಾಸ್ತರು ನಕ್ಕರು. “ಕಟಿಂಗ್ ಅಂಟಿಸಿಟ್ಟಿದ್ದೆ ಅಂತೀರಿ. ಮತ್ತ ಎಲ್ಲಿ ಹೋತು? ಯಾರು ರದ್ದಿಗಿ ಹಾಕಿದ್ರು?”

ಬಾಗಿಲ ಹತ್ತಿರ ನಾನು ನಿಂತಿದ್ದೆ. ನನ್ನ ಕಡೆ ಅವರು ತಿರುಗಿ ನೋಡಲಿಲ್ಲ.

“ನಾನ ರಿಜಿಸ್ಟರಿಗಿ ಹತ್ತಿಸಲಿಲ್ರಿ. ಅದಕ್ಕ ಹೋತು. ತಪ್ಪು ನಂದು,” ಎಂದರು.

ದುರಗವ್ವ ಮುಂದೆ ಬಂದಳು. “ಅಂದ್ರ ನೀವ ಕಳದ್ರಿ?”

“ಹೌದವಾ. ನಾನ ಕಳದೆ.”

ಸಹಿ ನನ್ನದು ಎಂಬ ಒಂದೇ ಒಂದು ಮಾತನ್ನು ನಾನು ಆ ಕೋಣೆಯಲ್ಲಿ ಆಡಲಿಲ್ಲ. ಹಿಂತಿರುಗುವಾಗ ಬಸ್ಸಿನಲ್ಲಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

“ಆ ಓಣಿ ಹುಡುಗ್ರು ನಿಮ್ಮ ಕೈಯಾಗ ಓದಾಕ ಬರಬೇಕಲ್ರಿ,” ಎಂದರು. “ನಿಮ್ಮ ಮ್ಯಾಲ ಸಿಟ್ಟಾಗಿ ಸಾಲಿ ಬಿಡಿಸಿದ್ರ? ನಂದೇನು, ನಿವೃತ್ತಿ ಆಗಾಂವ.”

ನನಗೆ ಆಗ ಆದದ್ದು ಸಮಾಧಾನ. ಸದ್ಯ, ಬಚಾವಾದೆ ಎಂದುಕೊಂಡೆ. ಕಚೇರಿಯವರ ಮೇಲೆ, ಪಂಚಾಯಿತಿಯವರ ಮೇಲೆ ಇಷ್ಟು ಹೊತ್ತು ಹಲ್ಲು ಕಡಿದೆನಲ್ಲ, ಅವರಿಗೆ ಕಡೇಪಕ್ಷ ಆ ವಹಿಗಳಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ.

ಜೆಸಿಬಿ ಬಂದ ದಿನ ಮಾಸ್ತರರು ಓಣಿಗೆ ಹೋದರು. ಸಾಮಾನು ಹೊರಗೆ ಹಾಕುತ್ತಿದ್ದ ದುರಗವ್ವನ ಕೊಡವೊಂದನ್ನು ಎತ್ತಲು ಬಗ್ಗಿದರು. “ಬಿಡ್ರಿ ಮಾಸ್ತರ, ನೀವು ಮುಟ್ಟಬ್ಯಾಡ್ರಿ,” ಎಂದಳು ಅವಳು. ಅವರು ಕೈ ಹಿಂದಕ್ಕೆ ತೆಗೆದುಕೊಂಡು, ಕೊನೆಯ ಗೋಡೆ ಬೀಳುವ ತನಕ ಅಲ್ಲೇ ನಿಂತಿದ್ದರು. ಓಣಿಯವರು ಹಿಟ್ನಾಳದ ಕಡೆ ಹೋಗಿ ಹೈವೇ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡರು. ನಿವೃತ್ತರಾದ ಮೇಲೆ ಇವರು ಒಂದು ವರ್ಷವೂ ಬದುಕಲಿಲ್ಲ. ಎದೆ ಹಿಡಿದುಕೊಂಡಿತು, ಆಸ್ಪತ್ರೆ ಮುಟ್ಟುವುದರೊಳಗೆ ಹೋದರು.

ನಮ್ಮ ಕಡೆ ಹಗೆಯಿದ್ದವರೂ ಮಣ್ಣಿಗೆ ಬರುತ್ತಾರೆ. ಮೇಲೆ ಒಂದು ಹಿಡಿ ಮಣ್ಣು ಹಾಕಿ ಕೈ ತೊಳೆದುಕೊಂಡರೆ ಅವತ್ತಿಗೆ ಎಲ್ಲ ಮುಗಿಯಿತು ಎಂದು ಲೆಕ್ಕ. ಕುರ್ಚಿ ಮುರಿದ ಅಣ್ಣತಮ್ಮಂದಿರೂ ಬಂದಿದ್ದರು. ಕೆಳಗಿನ ಓಣಿಯ ಹದಿನಾಲ್ಕು ಮನೆಯಿಂದ ಒಬ್ಬರೂ ಬರಲಿಲ್ಲ. ಮಾಸ್ತರರ ಮನೆಯವರು ದಾರಿ ನೋಡುತ್ತಲೇ ಇದ್ದರು.

ಶ್ರದ್ಧಾಂಜಲಿ ಸಭೆಯ ಮರುದಿನ ಬೆಳಿಗ್ಗೆ ನಾನು ಹಿಟ್ನಾಳಕ್ಕೆ ಹೋದೆ. ದುರಗವ್ವ ಶೆಡ್ಡಿನ ಮುಂದೆ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಕೂತುಕೊಳ್ಳಲು ಚೀಲ ಹಾಸಿದಳು. ನಾನು ನಿಂತೇ ಎಲ್ಲ ಹೇಳಿದೆ. ಬರೆದುಕೊಡದ ಪತ್ರ, ಸಹಿ, ಕಚೇರಿ, ಬಸ್ಸಿನಲ್ಲಿ ಅವರು ಆಡಿದ ಮಾತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಿಕಾಯಿತು.

“ಸಹಿ ನಿಮ್ದು,” ಎಂದಳು ಕೊನೆಗೆ.

“ನಂದು.”

“ಮತ್ತ ಅವರು ತಮ್ಮದು ಅಂದ್ರು.”

“ನನ್ನ ಸಲುವಾಗಿ ಅಂದ್ರು.”

ಅವಳು ಹಂಚನ್ನು ಕೆಳಗಿಳಿಸಿದಳು. ನನ್ನನ್ನು ಹೊಡೆಯುತ್ತಾಳೆ ಅಥವಾ ಶಾಪ ಹಾಕುತ್ತಾಳೆ ಎಂದುಕೊಂಡೆ. ಎರಡಕ್ಕೂ ತಯಾರಾಗಿ ಹೋಗಿದ್ದೆ.

“ಮನಿ ಹೋತು, ಅದು ಹೋತು ಬಿಡ್ರಿ. ಎಲ್ಲೆರ ಒಂದು ಕಟ್ಟಿಕೊಂತೀವಿ,” ಎಂದಳು. “ಅವರು ಹೋದ ಸುದ್ದಿ ಬಂದಾಗ ನಾ ಇಲ್ಲೇ ಕುಂತಿದ್ದೆ. ಬಸ್ಸಿತ್ತು. ಓಣಿ ಮಂದಿ ಎಲ್ಲಾ ಹೊಂಟು ನಿಂತಿದ್ರು. ನಾನ ತಡದೆ, ಅಂಥವನ ಮಣ್ಣಿಗಿ ಯಾರೂ ಹೋಗಬ್ಯಾಡ್ರಿ ಅಂದೆ.”

ಹಿಟ್ಟು ಹತ್ತಿದ ಕೈಯನ್ನು ನೋಡಿಕೊಂಡಳು.

“ಆ ಒಂದು ಹಿಡಿ ಮಣ್ಣು ನಾ ಈಗ ಎಲ್ಲಿ ಹಾಕ್ಲಿ, ಹೇಳ್ರಿ ಮೇಡಂ.”